ಬೌದಿಲಿಯೊ ತೆಗೆದ ಒಂಬತ್ತು ಮನೆಗಳು

ಕೆಮಾದೊ ಕಣಿವೆಗೆ ಮೊದಲು ಬಂದು ನೆಲೆಸಿದವರು ಹೇಗೆ ಮನೆ ಕಟ್ಟಿಕೊಂಡರು ಎಂಬುದಕ್ಕೆ ಸರ್ಕಾರದ ಬಳಿ ಇಪ್ಪತ್ತೇಳು ಫೋಟೊಗಳಿವೆ. ಒಂಬತ್ತು ಜಮೀನು, ಜಮೀನಿಗೆ ಮೂರರಂತೆ. ಇಪ್ಪತ್ತೇಳನ್ನೂ ತೆಗೆದವನು ಬೌದಿಲಿಯೊ ಚಿಗ್ವಾಯ್. ಇಪ್ಪತ್ತೇಳರಲ್ಲಿಯೂ ಇರುವುದು ಅವನ ಅಪ್ಪನ ಮನೆ.

ಇದನ್ನು ನಾನು ಇಷ್ಟು ವರ್ಷ ಬರೆಯಲಿಲ್ಲ. ಬರೆದಿದ್ದರೆ ಒಂಬತ್ತು ಮನೆತನಗಳ ಪಟ್ಟಾ ಅಲುಗಾಡುತ್ತಿತ್ತು, ನನಗೆ ಈ ಕಣಿವೆಯಲ್ಲಿ ಒಂದು ಲೋಟ ಬಿಸಿನೀರೂ ಹುಟ್ಟುತ್ತಿರಲಿಲ್ಲ. ಈಗ ಆ ಭಯವಿಲ್ಲ. ಪಟ್ಟಾ ಪಡೆದವರು ಮಣ್ಣಾಗಿದ್ದಾರೆ. ಅವರ ಮೊಮ್ಮಕ್ಕಳು ಆ ಮಣ್ಣನ್ನೇ ಮಾರಿಕೊಂಡಿದ್ದಾರೆ, ವರ್ಷಕ್ಕೆ ಎರಡು ವಾರ ಗಾಳ ಹಾಕಲು ವಿಮಾನದಲ್ಲಿ ಬಂದಿಳಿಯುವ ಹೊರದೇಶದವರಿಗೆ. ಬೌದಿಲಿಯೊ ಕೂಡ ಈ ಮಾರ್ಚಿನಲ್ಲಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡ. ಜಗಳಕ್ಕೆ ಬರುವವರು ಯಾರೂ ಉಳಿದಿಲ್ಲ. ಬಂದರೆ ಬರಲಿ.

ಕಾಡು ಕಡಿದು ಬಯಲು ಮಾಡಿದವನಿಗೇ ಜಮೀನು ಎಂದು ರಾಜಧಾನಿಯಲ್ಲಿ ಕುಳಿತವರು ಒಂದು ಕಾಲಕ್ಕೆ ಕಾನೂನು ಮಾಡಿದ್ದರು. ಕುಳಿತವರಿಗೆ ಕಾಡೆಂದರೆ ಉದ್ಯಾನದ ನಾಲ್ಕು ಮರ. ನಮ್ಮ ಕಾಡನ್ನು ಕೊಡಲಿಯಲ್ಲಿ ಕಡಿಯಲು ಒಂದು ಜನ್ಮ ಸಾಲದು, ಬೆಂಕಿಕಡ್ಡಿಗೆ ಒಂದು ಮಧ್ಯಾಹ್ನ ಸಾಕು. ಹಾಗಾಗಿ ಎಲ್ಲರೂ ಬೆಂಕಿ ಇಟ್ಟರು. ಬೇಸಿಗೆಗೊಮ್ಮೆ ಆಕಾಶ ಕೆಂಪಾಗುತ್ತಿತ್ತು, ಜನ ಅದನ್ನು ನೋಡಿ ಅಭಿವೃದ್ಧಿ ಎನ್ನುತ್ತಿದ್ದರು. ೧೯೫೧ರ ಜನವರಿಯಲ್ಲಿ, ಇಲ್ಲಿಯ ಕಡುಬೇಸಿಗೆಯಲ್ಲಿ, ಗಾಳಿ ತಿರುಗಿತು. ಕಾಡು ಸುಡಲು ಇಟ್ಟ ಬೆಂಕಿ ಇಟ್ಟವರ ಮನೆಗಳನ್ನೇ ಹುಡುಕಿಕೊಂಡು ಬಂತು. ಕಣಿವೆಯ ಅಷ್ಟೂ ಮನೆಗಳು ಬೂದಿಯಾದವು. ಉಳಿದದ್ದು ಒಂದೇ, ಬೌದಿಲಿಯೊನ ಅಪ್ಪ ಬೆಲಾರ್ಮಿನೊ ಚಿಗ್ವಾಯ್‌ನದು.

ಬೆಲಾರ್ಮಿನೊ ಚಿಲೊಯೆ ದ್ವೀಪದವನು. ಆ ದ್ವೀಪದವರಿಗೆ ಮನೆ ಎಂದರೆ ದನದ ಹಾಗೆ: ನಿಂತಲ್ಲಿ ಮೇವು ಸಾಲದಿದ್ದರೆ ಹೊಡೆದುಕೊಂಡು ಮುಂದೆ ಹೋಗುವುದು. ನೆರೆಯವನ ಜೊತೆ ಮನಸ್ತಾಪವಾದರೆ, ಸಮುದ್ರ ಹತ್ತಿರ ಬಂದರೆ, ಹೆಂಡತಿಗೆ ಬೇಸರವಾದರೆ, ಊರವರೆಲ್ಲ ಸೇರಿ ಎತ್ತು ಕಟ್ಟಿ ಇಡೀ ಮನೆಯನ್ನೇ ಎಳೆದೊಯ್ಯುತ್ತಾರೆ. ಎಳೆದವರಿಗೆ ಕೂಲಿಯಿಲ್ಲ, ಹೊಟ್ಟೆ ಬಿರಿಯುವಷ್ಟು ಊಟ ಹಾಕಬೇಕು. ಇದಕ್ಕೆ ಮಿಂಗಾ ಎನ್ನುತ್ತಾರೆ. ಹಾಗಾಗಿ ಬೆಲಾರ್ಮಿನೊ ಇಲ್ಲಿಗೆ ಬಂದು ಕೊಡಲಿಯೊಂದರಲ್ಲೇ ಮನೆ ಕಟ್ಟುವಾಗ ಬುನಾದಿ ಹಾಕಲಿಲ್ಲ. ಎರಡು ದೊಡ್ಡ ದಿಮ್ಮಿಗಳನ್ನು ಹಾಸಿ ಅವುಗಳ ಮೇಲೆ ಕಂಬ ನಿಲ್ಲಿಸಿದ. ಬೆಂಕಿ ಬಂದಾಗ ಬೇರೆಯವರು ಮನೆ ಬಿಟ್ಟು ನದಿಗೆ ಓಡಿದರು. ಅವನು ಆರು ಜೋಡಿ ಎತ್ತು ಹೂಡಿ ಮನೆಯ ಸಮೇತ ನದಿಗೆ ಓಡಿದ. ಮೂರು ದಿನ ಮನೆ ನದಿಯ ಕಲ್ಲುಪಾತ್ರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಬೆಲಾರ್ಮಿನೊನ ತಾಯಿ, ಎಲ್ಲರೂ ಗೌರವದಿಂದ ದೊನ್ಯಾ ತ್ರಾನ್ಸಿತೊ ಎನ್ನುತ್ತಿದ್ದವಳು, ಅಷ್ಟು ದಿನವೂ ಒಳಗೇ ಕುಳಿತು ಒಲೆ ಉರಿಸುತ್ತಿದ್ದಳು.

ಎರಡು ವರ್ಷ ಕಳೆದರೂ ಉಳಿದವರು ಡೇರೆಗಳಲ್ಲೇ ಇದ್ದರು. ಮರ ಎಲ್ಲಿತ್ತು ಕಟ್ಟಲು? ಸುಟ್ಟಾಗಿತ್ತಲ್ಲ. ಆಗ ಭೂ ಕಚೇರಿಯಿಂದ ಸುತ್ತೋಲೆ ಬಂತು. ಪಟ್ಟಾ ಬೇಕೆನ್ನುವವರು ಮಾರ್ಚ್ ಮೂವತ್ತೊಂದರೊಳಗೆ ತಮ್ಮ ಜಮೀನಿನಲ್ಲಿ ಮನೆ ಇರುವುದನ್ನು ಫೋಟೊ ಸಮೇತ ತೋರಿಸಬೇಕು. ಒಂದು ಫೋಟೊದಲ್ಲಿ ಕುಟುಂಬ ಮನೆಯ ಮುಂದೆ ನಿಂತಿರಬೇಕು. ಎರಡನೆಯದರಲ್ಲಿ ಗೋಡೆಯ ಮೂಲೆಯ ಹಲಗೆ ಬಿಚ್ಚಿ ಕಂಬಕ್ಕೂ ತೊಲೆಗೂ ಕಚ್ಚು ಹಾಕಿದ ರೀತಿ ಕಾಣಬೇಕು. ಮೂರನೆಯದರಲ್ಲಿ ಮಾಡಿನ ಹೊದಿಕೆ ಎತ್ತಿ ಅದನ್ನು ಕೂಡಿಸಿದ ಬಗೆ ತೋರಿಸಬೇಕು. ಇಷ್ಟೆಲ್ಲ ಯಾಕೆಂದರೆ, ಹಿಂದಿನ ವರ್ಷ ಇನ್ನೊಂದು ಕಣಿವೆಯವರು ಬಟ್ಟೆಯ ಮೇಲೆ ಮನೆಯ ಚಿತ್ರ ಬರೆಸಿ ಅದರ ಮುಂದೆ ನಿಂತು ಫೋಟೊ ಕಳಿಸಿದ್ದರಂತೆ. ಗಾಳಿಗೆ ಮನೆ ಮಡಚಿಕೊಂಡದ್ದು ಫೋಟೊದಲ್ಲಿ ಕಂಡು ಸಿಕ್ಕಿಬಿದ್ದರಂತೆ.

ಕಣಿವೆಯಲ್ಲಿ ಒಂದೇ ಮನೆ, ಒಂದೇ ಕ್ಯಾಮೆರಾ. ಎರಡೂ ಚಿಗ್ವಾಯ್ ಮನೆತನದ್ದು. ಬೌದಿಲಿಯೊಗೆ ಆಗ ಇಪ್ಪತ್ತೈದು. ಕರಿಬಟ್ಟೆ ಹೊದ್ದು ಮೂರು ಕಾಲಿನ ಪೆಟ್ಟಿಗೆಯೊಳಗೆ ತಲೆ ತೂರಿಸಿ ಮದುವೆ, ಹೆಣ, ಹೋರಿ ಎಲ್ಲದರ ಫೋಟೊ ತೆಗೆಯುತ್ತಿದ್ದ. ನೆರೆಯವರು ಬಂದು ಬೆಲಾರ್ಮಿನೊನ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ಬೆಲಾರ್ಮಿನೊ ಬಹಳ ಯೋಚಿಸಲಿಲ್ಲ.

“ಮನೆ ಇರೋದು ಯಾತಕ್ಕೆ? ಹೂಡ್ರಿ ಎತ್ತು” ಎಂದ.

ಆ ಬೇಸಿಗೆ ಬೆಲಾರ್ಮಿನೊನ ಜಮೀನಿನಲ್ಲಿ ಮೊದಲ ಫೋಟೊಗಳಾದವು, ಆಮೇಲೆ ಮನೆ ನದಿಯ ಗುಂಟ ಉಳಿದ ಎಂಟು ಜಮೀನುಗಳಿಗೆ ಒಂದೊಂದಾಗಿ ಹೊರಟಿತು. ಹೋದಲ್ಲೆಲ್ಲ ಆ ಜಮೀನಿನವರು ಕುರಿ ಕಡಿದು ಊಟ ಹಾಕುವರು, ಮೀಸೆ ಬಾಚಿಕೊಂಡು ಬಾಗಿಲ ಮುಂದೆ ನಿಲ್ಲುವರು, ಬೌದಿಲಿಯೊ ಬಟ್ಟೆಯೊಳಗೆ ತಲೆ ಹಾಕುವನು. ಆಮೇಲೆ ಎಡಮೂಲೆಯ ಹಲಗೆ ಕಿತ್ತು ಎರಡನೆಯದು. ಮಾಡು ಹತ್ತಿ ಮೂರನೆಯದು. ಮಾಡಿಗೆ ಹಾಕಿದ್ದು ಕನೋಗ: ಮರದ ಅರ್ಧ ದಿಮ್ಮಿಯನ್ನು ದೋಣಿಯ ಹಾಗೆ ತೋಡಿ, ಒಂದನ್ನು ಅಂಗಾತ, ಅದರ ಅಂಚಿನ ಮೇಲೆ ಇನ್ನೊಂದನ್ನು ಬೋರಲು, ಹೀಗೆ ಹೊದಿಸುವುದು. ಹೊದಿಸಿದ್ದನ್ನು ಕೀಳಬಾರದು. ಇವರು ಒಂಬತ್ತು ಸಲ ಕಿತ್ತರು. ಒಂಬತ್ತು ಸಲವೂ ಅದೇ ದಿಮ್ಮಿ, ಏಣಿ ಇಡಲು ಅನುಕೂಲವಿದ್ದ ಕಡೆಯದು. ದೊನ್ಯಾ ತ್ರಾನ್ಸಿತೊ ಮನೆಯಿಂದ ಇಳಿಯಲು ಒಪ್ಪಲಿಲ್ಲ.

“ಇಳ್ದು ಎಲ್ಲಿಗೋಗ್ಲಿ? ನಂಗಿರೋದು ಒಂದೇ ಮನೆ. ನಿಮ್ಮಂಗೆ ಒಂಬತ್ತಿಲ್ಲ” ಎಂದಳು.

ಹೀಗಾಗಿ ಬಿಳಿ ತಲೆವಸ್ತ್ರದ ಆ ಮುದುಕಿ ಒಂಬತ್ತು ಫೋಟೊಗಳಲ್ಲಿಯೂ ಕಿಟಕಿಯಲ್ಲಿದ್ದಾಳೆ. ಬೆಲಾರ್ಮಿನೊನ ಮೂರು ಕಾಲಿನ ನಾಯಿ ಒಂಬತ್ತರಲ್ಲಿಯೂ ಮೆಟ್ಟಿಲ ಮೇಲಿದೆ.

ಹತ್ತನೆಯ ಜಮೀನಿನವನು ಸೆಗುಂದೊ ರಾಯಿನ್. ಅವನು ಮನೆ ಬೇಡವೆಂದ. ಅವನು ಬೆಂಕಿ ಇಟ್ಟವನಲ್ಲ. ಸುಡದೆ ಉಳಿದ ಗೂಟಗಳನ್ನು ಒತ್ತೊತ್ತಾಗಿ ನೆಲಕ್ಕೆ ಹುಗಿದು, ಮೇಲೆ ದನದ ಚರ್ಮ ಬಿಗಿದು, ಹೆಂಡತಿಯೊಡನೆ ಅದರಲ್ಲೇ ಇದ್ದ. ಈ ಕಣಿವೆಯಲ್ಲಿ ಎಲ್ಲರೂ ಮೊದಲ ವರ್ಷ ಕಟ್ಟಿಕೊಂಡದ್ದು ಹಾಗೆಯೇ.

“ನಂದಲ್ಲದ ಮನೆ ಮುಂದೆ ನಿಂತ್ಕೊಂಡ್ರೆ ಫೋಟೊದಲ್ಲಿರೋ ಮುಖ ನಂದು ಹೆಂಗಾಗತ್ತೆ ಬೌದಿಲಿಯೊ? ಇರೋದನ್ನ ತೆಗಿ” ಎಂದನಂತೆ.

ಬೌದಿಲಿಯೊ ಇರುವುದನ್ನು ತೆಗೆದ. ಭೂ ಕಚೇರಿ ಒಂಬತ್ತು ಅರ್ಜಿಗಳನ್ನು ಒಪ್ಪಿಕೊಂಡು ಹತ್ತನೆಯದನ್ನು ಹಿಂದಕ್ಕೆ ಕಳಿಸಿತು. ಫೋಟೊದ ಹಿಂದೆ ಬರೆದಿದ್ದರು: “ಇದು ಮನೆಯಲ್ಲ.” ರಾಯಿನ್‌ನ ಜಮೀನನ್ನು ಪಕ್ಕದ ಮಾನ್ಸಿಯಾಗೆ, ಅರ್ಸೆನಿಯೊನ ಅಪ್ಪನಿಗೆ, ಸೇರಿಸಿದರು. ಅವನ ಫೋಟೊದಲ್ಲಿ ಚಂದದ ಮನೆಯಿತ್ತಲ್ಲ! ರಾಯಿನ್ ಇಪ್ಪತ್ತು ಕುರಿ ಹೊಡೆದುಕೊಂಡು ಗುಡ್ಡ ದಾಟಿ ಅರ್ಜೆಂಟೀನಾ ಕಡೆಗೆ ಹೋದ. ಮತ್ತೆ ಅವನ ಸುದ್ದಿಯಿಲ್ಲ. ಸುಳ್ಳು ಹೇಳಿದ ಒಂಬತ್ತು ಜನರನ್ನು ನಾನು ಬೈಯಲಾರೆ, ಹೊಟ್ಟೆಪಾಡು. ಮನೆಯನ್ನು ನೋಡದೆ ಕಾಗದವನ್ನು ನೋಡಿ ನೆಲ ಹಂಚಿದವರನ್ನು ಸಾಯುವ ತನಕ ಬೈಯುತ್ತೇನೆ.

ಬೆಲಾರ್ಮಿನೊ ಸತ್ತ ಮೇಲೆ ಮನೆ ಬೌದಿಲಿಯೊಗೆ ಬಂತು. ಅವನ ಹೆಂಡತಿ ಓರ್ಫೆಲಿನಾ ಅದೇ ಮನೆಯಲ್ಲಿ ನಲವತ್ತು ವರ್ಷ ಸಂಸಾರ ಮಾಡಿದಳು. ಒಂಬತ್ತು ಸಲ ಎತ್ತಿಸಿಕೊಂಡ ಮಾಡಿನ ಆ ದಿಮ್ಮಿ ಸರಿಯಾಗಿ ಅವಳ ಮಂಚದ ನೆತ್ತಿಗಿತ್ತು. ಏಪ್ರಿಲಿನಲ್ಲಿ ಮಳೆ ಹಿಡಿದರೆ ಅಕ್ಟೋಬರಿನ ತನಕ ಅಲ್ಲಿಂದ ನೀರು. ಮಂಚ ಸರಿಸೋಣವೆಂದರೆ ಇನ್ನೊಂದು ಕಡೆ ಒಲೆ, ಮತ್ತೊಂದು ಕಡೆ ಹಲಗೆ ಸಡಿಲವಾದ ಮೂಲೆ, ಅಲ್ಲಿಂದ ಗಾಳಿ. ೧೯೯೭ರ ಚಳಿಗಾಲದಲ್ಲಿ ಅವಳಿಗೆ ಎದೆಗೆ ಶೀತ ಇಳಿದು ಎರಡು ತಿಂಗಳು ಆಸ್ಪತ್ರೆಯಾಯಿತು. ಡಾಕ್ಟರು ಬೌದಿಲಿಯೊನನ್ನು ಪಕ್ಕಕ್ಕೆ ಕರೆದು, ಮುಂದಿನ ಚಳಿಗಾಲವೂ ಒದ್ದೆ ಹಾಸಿಗೆಯಲ್ಲಿ ಮಲಗಿದರೆ ಅದರ ಮುಂದಿನದನ್ನು ಅವಳು ನೋಡುವುದಿಲ್ಲ ಎಂದರು.

ಬೌದಿಲಿಯೊ ಇದ್ದ ಎರಡು ಹೋರಿ ಮಾರಿ ತಗಡಿನ ಶೀಟು ತಂದ. ಕೊಟ್ಟಿಗೆಯಲ್ಲಿ ಜೋಡಿಸಿಟ್ಟು ಮಳೆಗಾಲಕ್ಕೆ ಮೊದಲು ಹೊದಿಸಬೇಕೆಂದಿದ್ದ. ಫೆಬ್ರವರಿಯಲ್ಲಿ ರಾಜಧಾನಿಯಿಂದ ಕಾಗದ ಬಂತು. ಮೊದಲಿಗರ ಕಟ್ಟಡಗಳ ರಕ್ಷಣಾ ಮಂಡಳಿ ಎಂಬುದೊಂದು ಹುಟ್ಟಿಕೊಂಡಿತ್ತು. ಹಳೆಯ ಕಡತಗಳಲ್ಲಿ ಆ ಇಪ್ಪತ್ತೇಳು ಫೋಟೊಗಳು ಅವರಿಗೆ ಸಿಕ್ಕಿದ್ದವು. ಕೆಮಾದೊ ಕಣಿವೆಯ ಒಂಬತ್ತು ಮನೆಗಳೂ ಇಂದಿನಿಂದ ರಾಷ್ಟ್ರದ ಸ್ವತ್ತು, ಯಾರೂ ಅವುಗಳ ಮಾಡು ಮುಟ್ಟಕೂಡದು ಎಂದು ಬರೆದಿತ್ತು.

ಹಿಂದೆಯೇ ವಾಸ್ತುಶಿಲ್ಪಿ ಬಂದಳು, ಸೆನ್ಯೊರಿತಾ ಹಸಿಂತಾ. ಒಳ್ಳೆಯ ಹುಡುಗಿ. ಆ ಫೋಟೊಗಳ ಮೇಲೆ ನಲವತ್ತು ಪುಟದ ವರದಿ ಬರೆದು ಮಂಡಳಿಯಲ್ಲಿ ಕೆಲಸ ಪಡೆದಿದ್ದಳು. ಬೌದಿಲಿಯೊನ ಅಡಿಗೆಮನೆಯ ಮೇಜಿನ ಮೇಲೆ ಕುಟುಂಬಗಳು ಮುಂದೆ ನಿಂತ ಒಂಬತ್ತು ಫೋಟೊಗಳನ್ನೂ ಹರಡಿದಳು.

“ಈ ಒಂಬತ್ತು ಮನೆಗಳಲ್ಲೂ ಎಡಗಡೆ ಕಿಟಕಿ ಸೊಟ್ಟ ಇದೆ, ನೋಡಿದ್ರಾ ದೋನ್ ಬೌದಿಲಿಯೊ?”

“ನೋಡ್ದೆ.”

“ಯಾಕಿರಬಹುದು?”

“ಅವತ್ತು ಅಪ್ಪ ಸೇಬಿನ ಹೆಂಡ ಕುಡ್ದಿದ್ದ.”

“ಒಂಬತ್ತು ಮನೆಗೂ ನಿಮ್ಮಪ್ಪನೇ ಕಿಟಕಿ ಇಟ್ರಾ?”

“ಇಲ್ಲ... ಎಲ್ರೂ ಕುಡ್ದಿದ್ರು.”

ಹಸಿಂತಾ ನಕ್ಕಳು. ಹಳ್ಳಿಯವರ ತಮಾಷೆ ಎಂದುಕೊಂಡಳು. ಕಿಟಕಿಯ ಆ ಸೊಟ್ಟು ಗಾಳಿಯ ದಿಕ್ಕಿಗೆ ಸರಿಯಾಗಿ ಮೊದಲಿಗರು ಕಂಡುಕೊಂಡ ಕೋನ ಎಂದು ಅವಳು ವರದಿಯಲ್ಲಿ ಆರು ಪುಟ ಬರೆದಿದ್ದಳು.

“ಮತ್ತೆ ಈ ಅಜ್ಜಿಯರು. ಪ್ರತಿ ಮನೆಯಲ್ಲೂ ಬಿಳಿ ವಸ್ತ್ರದ ಒಬ್ಬ ಅಜ್ಜಿ ಕಿಟಕೀಲಿ ಕೂತಿದ್ದಾರೆ. ಒಲೆ ಕಾಯೋ ಯಾವುದಾದ್ರೂ ಆಚಾರ ಇತ್ತಾ?”

“ಆಗ ಅಜ್ಜೀರು ಜಾಸ್ತಿ ಇದ್ರು, ಸೆನ್ಯೊರಿತಾ.”

“ಮೂರು ಕಾಲಿನ ನಾಯಿಗಳು?”

“ಮರ ಕಡಿಯೋ ಕಾಲ ನೋಡಿ. ಗುರಿ ತಪ್ತಿತ್ತು.”

ಅದನ್ನೂ ಅವಳು ಬರೆದುಕೊಂಡಳು. ಮಂಚದಲ್ಲಿ ಮಲಗಿದ್ದ ಓರ್ಫೆಲಿನಾ ಅಲ್ಲಿಂದಲೇ ಕೂಗಿದಳು: “ಏ ಮುದ್ಕ, ಅಜ್ಜಿ ನಾಯಿ ಎಲ್ಲಾ ಆಯ್ತಲ್ಲ, ತಗಡಿನ ವಿಷ್ಯ ಕೇಳು.”

ಹಸಿಂತಾಳ ಮುಖ ಸಣ್ಣಗಾಯಿತು. “ಅದಾಗಲ್ಲ ದೊನ್ಯಾ ಓರ್ಫೆಲಿನಾ. ಒಂಬತ್ತರಲ್ಲಿ ಉಳಿದಿರೋದು ನಿಮ್ಮದೊಂದೇ. ಕನೋಗ ಮಾಡು ದೇಶದಲ್ಲೇ ಇನ್ನೆಲ್ಲೂ ಹೀಗಿಲ್ಲ. ತಗಡು ಹಾಕಿದ್ರೆ ಅಪರಾಧ ಆಗತ್ತೆ.”

“ಸೋರತ್ತಮ್ಮಾ.”

“ಸೋರೋದೂ ಅದರ ಸಹಜ ಸ್ಥಿತಿಯೇ” ಎಂದಳು ಆ ಹುಡುಗಿ, ಪುಸ್ತಕದಲ್ಲಿ ಓದಿದ್ದನ್ನು ನಂಬುವ ಮುಗ್ಧತೆಯಲ್ಲಿ.

ಅವಳು ಹೊರಡುವ ಮುಂಚೆ ಬೌದಿಲಿಯೊ ಪೆಟ್ಟಿಗೆಯಿಂದ ಸೆಗುಂದೊ ರಾಯಿನ್‌ನ ಫೋಟೊ ತೆಗೆದು ಅವಳ ಕೈಗಿಟ್ಟ. “ಮೊದಲು ಕಟ್ಟಿದ್ದು ಹಿಂಗೆ. ಇದನ್ನ ಹಾಕ್ಕೊಳ್ಳಿ ನಿಮ್ಮ ಪಟ್ಟೀಲಿ.” ಅವಳು ಬೆಳಕಿಗೆ ಹಿಡಿದು ನೋಡಿದಳು, ಮರಳಿಸಿದಳು. “ಇದು ಮನೆ ಅಲ್ವಲ್ಲ, ದೋನ್ ಬೌದಿಲಿಯೊ.” ನಲವತ್ತೈದು ವರ್ಷಗಳ ಅಂತರದಲ್ಲಿ ಸರ್ಕಾರ ಒಂದು ಮಾತನ್ನೂ ಬದಲಿಸಿರಲಿಲ್ಲ.

ಅವಳು ಬಿಟ್ಟುಹೋದ ನಿಯಮದ ಪುಸ್ತಕವನ್ನು ಬೌದಿಲಿಯೊ ಒಲೆಯ ಬಳಿ ಕುಳಿತು ಅಕ್ಷರ ಕೂಡಿಸಿ ಓದಿದ. ಏಳನೆಯ ನಿಯಮ ಬಂದಾಗ ಕೆಮ್ಮು ಬರುವ ತನಕ ನಕ್ಕ. “ಕಟ್ಟಿದ ಸ್ಥಳದಿಂದ ಕದಲಿಸಿದ ಕಟ್ಟಡವನ್ನು ಮೊದಲಿಗರ ಕಟ್ಟಡವೆಂದು ಪರಿಗಣಿಸತಕ್ಕದ್ದಲ್ಲ.”

ಆ ಮನೆ ಒಂಬತ್ತು ಜಮೀನು ಸುತ್ತಿತ್ತು. ಬಾಯಿ ಬಿಟ್ಟು ಸತ್ಯ ಹೇಳಿದರೆ ಸಾಕು, ಮಾರನೆಯ ದಿನ ಮಾಡಿಗೆ ತಗಡು ಬೀಳುತ್ತಿತ್ತು.

ಕಣಿವೆಯಲ್ಲಿ ಸುದ್ದಿಗೆ ಕಾಲು ಬೇಡ. ಎರಡು ದಿನದಲ್ಲಿ ಅರ್ಸೆನಿಯೊ ಮಾನ್ಸಿಯಾ ತನ್ನ ಹೊಸ ಪಿಕಪ್‌ನಲ್ಲಿ ಇನ್ನಿಬ್ಬರನ್ನು ಕೂರಿಸಿಕೊಂಡು ಬಂದ. ಬರುವಾಗ ಒಂದು ಕುರಿಯ ತೊಡೆ ತಂದಿದ್ದ. ಅರ್ಸೆನಿಯೊ ಏನನ್ನಾದರೂ ಕೈಯಲ್ಲಿ ಹಿಡಿದು ಬಂದದ್ದನ್ನು ನೋಡಿದವರು ಅದಕ್ಕೆ ಮುಂಚೆ ಇರಲಿಲ್ಲ.

“ಕಂಪಾದ್ರೆ,” ಎಂದು ನೆಂಟನನ್ನು ಕರೆಯುವ ಸಲಿಗೆಯಲ್ಲಿ ಶುರು ಮಾಡಿದ, “ನೀನು ಏಳನೇ ನಿಯಮ ಓದ್ದೆಯಂತೆ.”

“ಓದ್ದೆ.”

“ಓದಿದ್ದು ಒಳ್ಳೇದು. ಬಾಯಿ ಮುಚ್ಕೊಂಡು ಓದಿದ್ರೆ ಇನ್ನೂ ಒಳ್ಳೇದು. ನಮ್ಮಪ್ಪ ನಿಮ್ಮನೆ ಮುಂದೆ ಮೀಸೆ ತಿರುವ್ಕೊಂಡು ನಿಂತಿದ್ದು ಹೊರಗೆ ಬಿದ್ರೆ ನಮ್ ಪಟ್ಟಾ ಗತಿ ಏನು?”

“ಓರ್ಫೆಲಿನಾ ಗತಿ ಏನು?”

“ಹಾಸಿಗೆ ಸರಿಸು.”

ಒಳಗಿನಿಂದ ಓರ್ಫೆಲಿನಾ: “ನಿನ್ ಪಿಕಪ್ಪಲ್ಲಿ ಹಾಸಿಗೆ ಹಾಕ್ಕೊಡ್ತೀಯಾ ಅರ್ಸೆನಿಯೊ? ಅದು ಸೋರಲ್ಲ ತಾನೆ?”

ಬೌದಿಲಿಯೊ ಬಂದವರಿಗೆಲ್ಲ ಸುತ್ತು ಕೊಡಬೇಕಾದ ಮಾಟೆ ಕಷಾಯದ ಸೋರೆಬುರುಡೆಯನ್ನು ಅರ್ಸೆನಿಯೊಗೆ ಕೊಡದೆ ತಾನೇ ಹೀರುತ್ತ ಹೇಳಿದ: “ಸೆಗುಂದೊ ರಾಯಿನ್ ಜಮೀನು ನಿನ್ ಹತ್ರ ಇದೆ. ಅವನು ಇರೋದನ್ನ ತೋರಿಸ್ದ, ಹೋದ. ನೀವು ಇಲ್ಲದ್ದನ್ನ ತೋರಿಸಿದ್ರಿ, ಉಳ್ಕೊಂಡ್ರಿ. ಫೋಟೊ ತೆಗ್ದೋನು ನಾನೇ, ನನ್ ಕೈಯೂ ಚೊಕ್ಕ ಇಲ್ಲ. ಹಳೇದನ್ನ ನಾನು ಹೇಳಲ್ಲ, ಹೋಗು. ಆದ್ರೆ ನನ್ ಹೆಂಡ್ತಿ ಈ ಸಲ ನೆನೆಯಲ್ಲ.”

“ಅದು ಹೆಂಗೆ?”

“ಮನೇನ ಇನ್ನೊಂದ್ಸಲ ಎಳೀರಿ. ಆ ಸೆನ್ಯೊರಿತಾ ಕಣ್ಣ ಮುಂದೇನೇ. ಹಿಂದೆ ಕದಲಿದ್ದು ಯಾರಿಗೂ ಬೇಡ. ಇವತ್ತು ಕದಲಿದ್ರೂ ನಿಯಮಕ್ಕೆ ಸಾಕು.”

ಅರ್ಸೆನಿಯೊನ ಬಾಯಿ ತೆರೆದುಕೊಂಡಿತು. “ನನ್ಹತ್ರ ಎತ್ತೆಲ್ಲಿವೆ? ಮೂವತ್ತು ವರ್ಷ ಆಯ್ತು ನೊಗ ಮುಟ್ಟಿ.”

“ಸಾಲ ತಗೊ. ಮನೇನೇ ಸಾಲ ತಗೊಂಡೋರಿಗೆ ಎತ್ತು ಯಾವ ಲೆಕ್ಕ?”

ಬೌದಿಲಿಯೊ ತಾನೇ ಮಂಡಳಿಗೆ ಕಾಗದ ಬರೆದ: ಏಪ್ರಿಲ್ ನಾಲ್ಕರಂದು ನನ್ನ ಮನೆ ಜಾಗ ಬದಲಿಸುತ್ತದೆ, ದಯವಿಟ್ಟು ಬಂದು ಫೋಟೊ ತೆಗೆದುಕೊಳ್ಳುವುದು.

ಆ ದಿನ ನಾನೂ ಅಲ್ಲಿದ್ದೆ. ಬೆಳಿಗ್ಗೆ ಏಳಕ್ಕೇ ಹದಿನಾಲ್ಕು ಜೋಡಿ ಎತ್ತು ಸೇರಿದ್ದವು. ಒಂಬತ್ತು ಮನೆತನದವರೂ ಬಂದಿದ್ದರು, ಒಲ್ಲದ ಮುಖದಲ್ಲಿ. ಕಡಿದ ನಾಲ್ಕು ಕುರಿಗಳು ಕಂಬಿಗೆ ಏರಿ ಬೆಂಕಿಯ ಸುತ್ತ ನಿಂತಿದ್ದವು. ಹಸಿಂತಾ ಬಾಡಿಗೆ ಜೀಪಿನಲ್ಲಿ ಬಂದಿಳಿದವಳೇ ಮನೆಯ ಮುಂದೆ ಕೈ ಅಗಲಿಸಿ ನಿಂತಳು.

“ಮಾಡಬೇಡಿ ದೋನ್ ಬೌದಿಲಿಯೊ, ಕಾಲಿಗೆ ಬೀಳ್ತೀನಿ. ಇದು ಇಲ್ಲೇ ಹುಟ್ಟಿದ ಮನೆ.”

“ಹುಟ್ಟಿದ್ದೆಲ್ಲ ನಡೀಬೇಕಲ್ಲ ಸೆನ್ಯೊರಿತಾ. ಸರೀರಿ, ಎತ್ತು ಹಾಯ್ತವೆ.”

ಬೌದಿಲಿಯೊಗೆ ಬೇಕಾಗಿದ್ದದ್ದು ಒಂದು ಮಾರು ದೂರ. ನಿಯಮದಲ್ಲಿ ಎಷ್ಟು ದೂರ ಎಂದು ಬರೆದಿಲ್ಲ, ಹೊಸ್ತಿಲು ದಾಟಿದಷ್ಟು ಕದಲಿದರೂ ಆಯಿತು. ಹಗ್ಗ ಬಿಗಿದು, ದಿಮ್ಮಿಗಳ ಅಡಿಗೆ ಒದ್ದೆ ಗಳ ಹಾಸಿ, ಹದಿನಾಲ್ಕು ಜನ ಒಟ್ಟಿಗೆ ಕೂಗಿದರು. ಮನೆ ನರಳಿತು, ಒಂದು ಕ್ಷಣ ಯೋಚಿಸಿತು, ಆಮೇಲೆ ಮುಂದೆ ಬಂತು.

“ನಿಲ್ಸಿ! ಸಾಕು!” ಎಂದ ಬೌದಿಲಿಯೊ.

“ಸಾಕಾ?” ಎಂದ ಮುಂದಿನ ಜೋಡಿಯವನು. “ನಾಲ್ಕು ಕುರಿ ಬೇಯ್ತಾ ಇದೆ. ಒಂದು ಮಾರು ಎಳ್ದು ನಾಲ್ಕು ಕುರಿ ತಿಂದ್ರೆ ನಾಳೆ ಊರಲ್ಲಿ ಮುಖ ಹೆಂಗೆ ತೋರಿಸ್ಲಿ?”

ಇದನ್ನು ನಮ್ಮವರು ಮಾತ್ರ ಮಾಡಬಲ್ಲರು. ಉಂಡ ಊಟಕ್ಕೆ ತಕ್ಕ ದೂರ ಎಳೆಯದಿದ್ದರೆ ಮಿಂಗಾದಲ್ಲಿ ಮರ್ಯಾದೆಯಿಲ್ಲ. ಬರಲು ಒಲ್ಲೆ ಎಂದವರಿಗೇ ಈಗ ಹುರುಪು ಬಂದಿತ್ತು. ಸಾಲ ತಂದ ಎತ್ತಿನ ಬಾಲ ತಿರುಚುತ್ತ ಅರ್ಸೆನಿಯೊ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಬೌದಿಲಿಯೊ ಟೋಪಿ ಬೀಸುತ್ತ ಹಿಂದೆ ಓಡಿದ. ಮನೆ ಬೇಲಿ ಮುರಿದು, ಇಳಿಜಾರು ಇಳಿದು, ಬಸ್ಸು ಓಡಾಡುವ ರಸ್ತೆಯ ನಟ್ಟನಡುವೆ ಬಂದು, ಒಂದು ಕಡೆಯ ದಿಮ್ಮಿ ರಸ್ತೆಯ ಆಚೆಯ ಕೆಸರಿನಲ್ಲಿ ಹೂತು, ನಿಂತಿತು. ಹದಿನಾಲ್ಕು ಜೋಡಿ ಮಂಡಿಯೂರಿದರೂ ಕದಲಲಿಲ್ಲ. ಪೂರ್ವದ ಗುಡ್ಡದ ಮೇಲೆ ಮೋಡ ಕವಿಯುತ್ತಿತ್ತು.

ಹಸಿಂತಾ ಕ್ಯಾಮೆರಾ ಹಿಡಿದು ಹಿಂದೆಯೇ ಬಂದಿದ್ದಳು. ಮೇಲೆದ್ದಿದ್ದ ಕಡೆಯ ದಿಮ್ಮಿಯ ಕೆಳಗೆ ಬಗ್ಗಿ ಫೋಟೊ ತೆಗೆಯಲು ಹೋದವಳು ಅಲ್ಲೇ ನಿಂತಳು. ಕೈಯಿಟ್ಟು ಸವರಿದಳು. ದಿಮ್ಮಿಯ ಅಡಿಭಾಗ ಕಲ್ಲುಗಳಿಗೆ ಉಜ್ಜಿ ಉಜ್ಜಿ ಅಂಗೈಯಷ್ಟು ಚಪ್ಪಟೆಯಾಗಿತ್ತು. ನೂರು ಗಜ ಎಳೆದರೆ ಮರ ಹಾಗೆ ಸವೆಯುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಳಗಿನಿಂದಲೇ ಸೊಟ್ಟ ಕಿಟಕಿ ನೋಡಿದಳು. ಒಂಬತ್ತು ಮನೆತನದವರ ಮುಖ ನೋಡಿದಳು.

“ಎಷ್ಟು ಸಲ, ದೋನ್ ಬೌದಿಲಿಯೊ?”

“ಏನು ಎಷ್ಟು ಸಲ?”

“ಈ ಮನೆ ಎಳೆದಿದ್ದು.”

ಅವನು ಅರ್ಸೆನಿಯೊ ಕಡೆ ನೋಡಿದ. ಅರ್ಸೆನಿಯೊ ಗುಡ್ಡ ನೋಡುತ್ತಿದ್ದ. “ಇವತ್ತು ಒಂದ್ಸಲ.”

ಹಸಿಂತಾ ದಿಮ್ಮಿಯಿಂದ ಕೈ ತೆಗೆದು ಟಿಪ್ಪಣಿ ಪುಸ್ತಕ ಬಿಚ್ಚಿದಳು. ನಲವತ್ತು ಪುಟ, ಅದರಿಂದ ಸಿಕ್ಕ ಕೆಲಸ, ಆರು ಪುಟದ ಕಿಟಕಿ, ನಾಯಿಗಳ ಅಡಿಟಿಪ್ಪಣಿ. “ಹಾಗೇ ಬರ್ಕೋತೀನಿ” ಎಂದಳು. ಅವಳನ್ನೂ ನಾನು ಬೈಯುತ್ತಿಲ್ಲ. ಅಲ್ಲಿ ನಿಂತಿದ್ದ ಎಲ್ಲರಿಗೂ ಆ ಸುಳ್ಳಿನಲ್ಲಿ ಒಂದೊಂದು ಕೋಣೆಯಿತ್ತು. ಇಲ್ಲದವನು ಒಬ್ಬನೇ, ಅವನು ಗುಡ್ಡ ದಾಟಿ ಹೋಗಿ ನಲವತ್ತೈದು ವರ್ಷವಾಗಿತ್ತು.

ಅವಳ ಕೈಲಿದ್ದುದು ಏಳನೆಯ ನಿಯಮ. ಆದರೆ ಅದರ ಪ್ರಕಾರ ಪಟ್ಟಿಯಿಂದ ಹೆಸರು ತೆಗೆಯಲು ಮಂಡಳಿಯ ಸಭೆ ಸೇರಬೇಕಿತ್ತು. ಸಭೆ ಆಗಸ್ಟಿನಲ್ಲಿ. ಅಲ್ಲಿಯ ತನಕ ತಗಡು ಮುಟ್ಟಿದರೆ ಅಪರಾಧವೇ. ಆಗಸ್ಟ್ ಎಂದರೆ ಓರ್ಫೆಲಿನಾಗೆ ನಾಲ್ಕು ತಿಂಗಳ ಮಳೆ. ಬೌದಿಲಿಯೊ ರಸ್ತೆಯ ಮೇಲೆಯೇ ಕುಕ್ಕರಿಸಿದ. ಮೊದಲ ಹನಿ ಬಿತ್ತು.

ಎರಡೂ ಕಡೆ ವಾಹನ ನಿಂತಿದ್ದವು. ಆಸ್ಪತ್ರೆಗೆ ಹೋಗುವ ಬಸ್ಸು ಒಂದು ಕಡೆ, ಬರುವ ಬಸ್ಸು ಇನ್ನೊಂದು ಕಡೆ. ಪೊಲೀಸ್ ಠಾಣೆಯ ಸಾರ್ಜೆಂಟ್ ಉರಿಬೆ ಕುದುರೆಯ ಮೇಲೆ ಬಂದ. ಗಂಭೀರ ಮನುಷ್ಯ. ಮನೆಯನ್ನು ಒಂದು ಸುತ್ತು ಬಂದು ಜೇಬಿನಿಂದ ಪುಸ್ತಕ ತೆಗೆದ.

“ಏನಿದು?”

“ಮನೆ” ಎಂದ ಬೌದಿಲಿಯೊ.

“ಸಂರಕ್ಷಿತ ಕಟ್ಟಡ” ಎಂದಳು ಹಸಿಂತಾ.

“ಕಟ್ಟಡಕ್ಕೆ ಬುನಾದಿ ಇರತ್ತೆ. ಇದಕ್ಕೆ ಮುಂದ್ಗಡೆ ಎತ್ತುಗಳಿವೆ. ರಸ್ತೆ ಮೇಲೆ ಎತ್ತು ಎಳೀತಿರೋದು ಸರಕು.” ಬರೆದುಕೊಂಡ. “ಒಳಗೆ ಯಾರೋ ಇದಾರಲ್ಲ?”

ಇಳಿಯಲು ಒಪ್ಪದ ಓರ್ಫೆಲಿನಾ ಕಂಬಳಿ ಹೊದ್ದು ಕಿಟಕಿಯಲ್ಲಿ ಕುಳಿತಿದ್ದಳು. “ನಾನೇ ಸಾರ್ಜೆಂಟ್ರೇ. ಇಳೀರಿ ಅನ್ಬೇಡಿ, ಮಂಡಿ ಹಿಡ್ದಿದೆ.”

“ಸರಕಿನ ಮೇಲೆ ಪ್ರಯಾಣಿಕರು ಕೂರೋ ಹಾಗಿಲ್ಲ.”

“ನಾನೇನ್ ಪ್ರಯಾಣಿಕಳಾ? ಅಡಿಗೆ ಮಾಡ್ತಿದೀನಿ.”

ಸಾರ್ಜೆಂಟ್ ತಲೆ ಕೆರೆದುಕೊಂಡು ‘ಸರಕಿನ ಕಾವಲಿಗೆ ಒಬ್ಬರು’ ಎಂದು ಬರೆದ. ಮಳೆ ಬಲವಾಯಿತು. ಮೇಲಿನ ಮಾಡನ್ನು ನೋಡಿದ, ಒಳಗೆ ಓರ್ಫೆಲಿನಾ ಹಾಸಿಗೆಯ ಮೇಲೆ ಬೋಗುಣಿ ಇಡುವುದನ್ನು ನೋಡಿದ. ಪುಸ್ತಕದ ಹಾಳೆ ತಿರುವಿದ.

“ನಲವತ್ತೊಂದನೇ ಕಲಮು. ರಸ್ತೆ ಮೇಲಿನ ಸರಕನ್ನ ಮಳೆ ನೀರು ಇಳಿಯದ ಹಾಗೆ ಮುಚ್ಚಿರಬೇಕು. ನಿಮ್ಮ ಸರಕು ಮುಚ್ಚಿಲ್ಲ. ಯಾರದಿದು?”

ಬೌದಿಲಿಯೊ ಎದ್ದು ನಿಂತ. “ನಂದು. ಯಾತರಲ್ಲಿ ಮುಚ್ಬೇಕು ಸಾರ್ಜೆಂಟ್ರೇ?”

“ಯಾತರಲ್ಲಾದ್ರೂ ಮುಚ್ಚಿ. ಕಲಮಿನಲ್ಲಿ ಬರ್ದಿಲ್ಲ.”

“ತಗಡು ಆಗ್ಬಹುದಾ?”

“ಗಟ್ಟಿಯಾಗಿ ಮೊಳೆ ಹೊಡ್ದಿದ್ರೆ ಆಗಬಹುದು. ಗಾಳಿಗೆ ಹಾರಿದ್ರೆ ಅದು ನಲವತ್ತೆರಡು.” ಹಸಿಂತಾಳ ಕಡೆ ತಿರುಗಿದ. “ನಿಮ್ಮ ಅಭ್ಯಂತರ ಇದೆಯಾ ಸೆನ್ಯೊರಿತಾ?”

“ಕಟ್ಟಡವಾದ್ರೆ ಇದೆ” ಎಂದಳು ಅವಳು, ಮಳೆಯಿಂದ ಕ್ಯಾಮೆರಾವನ್ನು ಕೋಟಿನೊಳಗೆ ಮುಚ್ಚಿಕೊಳ್ಳುತ್ತ. “ಸರಕಿನ ವಿಷಯ ನಂಗೊತ್ತಿಲ್ಲ.”

ಕೊಟ್ಟಿಗೆಯಿಂದ ಶೀಟುಗಳು ತಲೆಯಿಂದ ತಲೆಗೆ ಬಂದವು. ಒಂಬತ್ತು ಮನೆತನದವರೂ ಮಾಡು ಹತ್ತಿದರು. ಬಸ್ಸಿನ ಪ್ರಯಾಣಿಕರು ಇಳಿದು ಏಣಿ ಹಿಡಿದರು. ಕಾಯುವವರಿಗೆ ಬೆಂದ ಕುರಿ ಹಂಚಿದ್ದಾಯಿತು. ಎರಡು ಗಂಟೆಯ ಹೊತ್ತಿಗೆ ಓರ್ಫೆಲಿನಾಳ ಮಂಚದ ಮೇಲಿನ ತಗಡಿಗೆ ಬೌದಿಲಿಯೊ ಕೊನೆಯ ಮೊಳೆ ಹೊಡೆದ. ಬಸ್ಸುಗಳು ಹೊಲದ ಮೇಲೆ ಹಾಯ್ದು ಹೋದವು.

ಕೆಸರು ಗಟ್ಟಿಯಾಗುವ ತನಕ ಮನೆಯನ್ನು ಕದಲಿಸಲು ಆಗಲಿಲ್ಲ. ಆ ಚಳಿಗಾಲ ಪೂರ್ತಿ ಅದು ರಸ್ತೆಯ ಮೇಲೆಯೇ ಇತ್ತು, ಠಾಣೆಯ ಪುಸ್ತಕದಲ್ಲಿ ‘ತಡವಾದ ಸರಕು’ ಎಂದು. ಬಸ್ಸಿನವರು ಬಾಗಿಲಲ್ಲಿ ಹಾರ್ನ್ ಹೊಡೆದರೆ ಓರ್ಫೆಲಿನಾ ಕಿಟಕಿ ತೆರೆದು, “ಸುತ್ತಿ ಹೋಗ್ರೋ, ಕಣ್ಣಿಲ್ವಾ?” ಎಂದು ಬೈದು ಮತ್ತೆ ಮಲಗುತ್ತಿದ್ದಳಂತೆ. ಕೆಮ್ಮದೆ, ಒಣ ಹಾಸಿಗೆಯಲ್ಲಿ.